ಡ್ರಮ್ ಇಟ್ಟ ಜಾಗದ ಮಣ್ಣು

ನಮ್ಮ ಮಣ್ಣು ಪರೀಕ್ಷೆಯ ಲ್ಯಾಬಿಗೆ ಬಂದದ್ದು ಕಾರ್ಕಳ ಕಡೆಯ ಅಡಿಕೆ ತೋಟದ ಎರಡು ಪೊಟ್ಟಣ. ಒಂದೇ ಸರ್ವೆ ನಂಬರ್, ಒಂದೇ ದಿನ ತೆಗೆದ ಮಣ್ಣು. ಲೋಹ ಅಳೆಯುವ ಮಿಷನ್ ಎಎಎಸ್‌ನಲ್ಲಿ ಒಂದರ ತಾಮ್ರ ಅಳತೆಯ ಕರ್ವ್ ಒಳಗೇ ಕೂತಿತು, ಇನ್ನೊಂದು ಕೊನೆಯ ಸ್ಟ್ಯಾಂಡರ್ಡನ್ನೂ (ತಾಮ್ರ ಎಷ್ಟೆಂದು ಗೊತ್ತಿರುವ ದ್ರಾವಣ) ದಾಟಿತು. ಹಿಂದಿನ ಸ್ಯಾಂಪಲ್ಲಿನ ಶೇಷವಿರಬೇಕೆಂದು ಮಣ್ಣಿಲ್ಲದ ಬ್ಲ್ಯಾಂಕ್ ದ್ರಾವಣ ಓಡಿಸಿದೆ: ಸೊನ್ನೆ. ಸ್ಟ್ಯಾಂಡರ್ಡ್ ಮತ್ತೆ ಇಟ್ಟೆ: ಸರಿ. ಹತ್ತು ಪಟ್ಟು ಡೈಲ್ಯೂಟ್ ಮಾಡಿದರೂ ಲೆಕ್ಕ ಅಲ್ಲಿಗೇ ಬಂತು. ಅಷ್ಟಾದ ಮೇಲೂ ನಂಬದೆ, ದ್ರಾವಣವನ್ನು ತುಂತುರು ಮಾಡುವ ನೆಬ್ಯುಲೈಸರ್ ಬಿಚ್ಚಿದ್ದು ನನ್ನ ತಪ್ಪು. ಇಡೀ ಬ್ಯಾಚ್ ಮರುದಿನಕ್ಕೆ ಹೋಯಿತು. ಮಿಷನ್ ಸರಿಯಾದದ್ದನ್ನೇ ಹೇಳುತ್ತಿತ್ತು.

ಬೇಕಾಗಿದ್ದದ್ದು ತೋಟದವರಿಗೆ ಒಂದು ಫೋನ್. "ಮದ್ದು ಕಲಸುವ ಡ್ರಮ್ ಎಲ್ಲಿಡ್ತೀರಿ?" "ಅದೇ ಜಾಗದಲ್ಲಿ ಮಾರಾಯ್ರೆ, ಪಂಪಿನ ಹತ್ತಿರ. ಅಪ್ಪನ ಕಾಲದಿಂದ್ಲೂ ಅಲ್ಲೇ."

ಕೊಳೆರೋಗಕ್ಕೆ ಬಿಡುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಒಂದು ಕಿಲೋ ಮೈಲುತುತ್ತಿನಲ್ಲಿ ಸುಮಾರು 250 ಗ್ರಾಂ ತಾಮ್ರ. ಒಂದು ಚದರ ಮೀಟರಿನಲ್ಲಿ 15 ಸೆಂ.ಮೀ. ಆಳದ ಮಣ್ಣು ತೂಗುವುದು ಹೆಚ್ಚುಕಡಿಮೆ 200 ಕಿಲೋ. ಡ್ರಮ್ ತೊಳೆದು ಅಲ್ಲೇ ಚೆಲ್ಲಿದ ಗಸಿಯಲ್ಲಿ 10 ಗ್ರಾಂ ತಾಮ್ರವಿದ್ದರೂ ಕಿಲೋ ಮಣ್ಣಿಗೆ 50 ಮಿಲಿಗ್ರಾಂ, ಅಂದರೆ 50 ಪಿಪಿಎಂ ಏರಿತು. ಪ್ರತಿ ಮಳೆಗಾಲಕ್ಕೆ ಎರಡು ಸಲ, ಅದೂ ವರ್ಷಗಟ್ಟಲೆ. ತಾಮ್ರ ಸಾರಜನಕದ ಹಾಗೆ ಮಳೆಗೆ ತೊಳೆದುಹೋಗುವುದಿಲ್ಲ. ಮೇಲ್ಮಣ್ಣಿನ ಕೊಳೆತ ಸೋಗೆ, ಗೊಬ್ಬರಕ್ಕೆ ಅಂಟಿಕೊಂಡು ಉಳಿಯುತ್ತದೆ. ನಾಲ್ಕು ಹೆಜ್ಜೆ ಆಚೆಯ ಬುಡದಲ್ಲಿ ಮಟ್ಟ ಬೇರೆ, ನೀರು ಹರಿಯುವ ಕಣಿಯ ಕೆಸರಿನಲ್ಲಿ ಮತ್ತೂ ಬೇರೆ.

ತೋಟದಲ್ಲಿ ತೋಡಿದ ಗುಂಡಿಗಳ ಮಣ್ಣನ್ನೆಲ್ಲ ಕಲಸಿ ಒಂದೇ ಪೊಟ್ಟಣ ಮಾಡಿದರೆ ಇದು ಅಡಗಿಹೋಗುತ್ತದೆ. ಹದಿನಾಲ್ಕು ಗುಂಡಿಗಳಲ್ಲಿ 20 ಪಿಪಿಎಂ, ಒಂದರಲ್ಲಿ 620 ಇದೆ ಅನ್ನಿ, ಸರಾಸರಿ 60. ಆ 60 ತೋಟದ ಯಾವ ಮೂಲೆಯಲ್ಲೂ ಇಲ್ಲ. ರಸಗೊಬ್ಬರದ ಶಿಫಾರಸಿಗೆ ಕಲಸಿದ ಮಣ್ಣು ಸಾಕು, ಲೋಹ ಹುಡುಕುವುದಕ್ಕೆ ಸಾಲದು. ಡ್ರಮ್ಮಿನ ಜಾಗ, ಮರದ ಬುಡ, ಎರಡು ಮರಗಳ ನಡು, ಕಣಿ: ನಾಲ್ಕಕ್ಕೂ ಬೇರೆ ಪೊಟ್ಟಣ ಬೇಕು. ಹಿತ್ತಾಳೆ ಜರಡಿ ಬೇಡ, ಅದರಿಂದಲೇ ತಾಮ್ರ, ಸತು ಸೇರುತ್ತದೆ. ನೈಲಾನ್ ಜರಡಿ ಹಿಡಿಯಿರಿ. ಅರ್ಧ ಗ್ರಾಂ ಮಾತ್ರ ಆಸಿಡ್‌ಗೆ ಹಾಕುವುದರಿಂದ ಮಣ್ಣನ್ನು ಹುಡಿಯಾಗಿ ಅರೆಯಲೇಬೇಕು. ಇಲ್ಲದಿದ್ದರೆ ಒಂದು ಹರಳು ಡುಪ್ಲಿಕೇಟನ್ನೇ (ಅದೇ ಮಣ್ಣಿನ ಎರಡನೇ ಅಳತೆ) ಕೆಡಿಸುತ್ತದೆ.

ನಮ್ಮ ಫಾರ್ಮಿನಲ್ಲಿ ಸರ್ವೆ ನಂಬರಿಗೆ ಕಾಲಂ ಇದೆ, ಗುಂಡಿ ಎಲ್ಲಿ ತೋಡಿದ್ದೆಂಬುದಕ್ಕೆ ಇಲ್ಲ. ಸೇರಿಸಿ ಎಂದು ಎರಡು ಸಲ ಬರೆದು ಕೊಟ್ಟಾಯಿತು. ಅದು ಬರುವ ತನಕ ಪೊಟ್ಟಣದ ಮೇಲೆಯೇ ಪೆನ್ಸಿಲಿನಲ್ಲಿ ಬರೆಸುತ್ತಿದ್ದೇವೆ: ಬುಡದಿಂದ ಎಷ್ಟು ಅಡಿ, ಡ್ರಮ್ಮಿನಿಂದ ಎಷ್ಟು ಅಡಿ.