ಎಡಿಸನ್ನೋ ಮೈಸೂರೋ: ನಿವೃತ್ತಿಯ ಲೆಕ್ಕದಲ್ಲಿ ಆರೋಗ್ಯ ವಿಮೆ

ಮುಂದಿನ ಮಾರ್ಚಿಗೆ ನಮ್ಮ ಯಜಮಾನರಿಗೆ 65 ತುಂಬುತ್ತದೆ. ನನಗೆ ಈಗ 62. ನ್ಯೂ ಜೆರ್ಸಿಯ ಎಡಿಸನ್ನಿಗೆ ಬಂದು 28 ವರ್ಷಗಳಾದ ಮೇಲೆ, ಉಳಿದ ಕಾಲವನ್ನು ಇಲ್ಲಿಯೇ ಕಳೆಯುವುದೋ ಅಥವಾ ಮೈಸೂರಿನ ಸರಸ್ವತಿಪುರಂನಲ್ಲಿರುವ ಅಮ್ಮನ ಮನೆಗೆ ಹಿಂತಿರುಗುವುದೋ ಎಂಬ ಮಾತು ಊಟಕ್ಕೆ ಕುಳಿತಾಗಲೆಲ್ಲ ಬರುತ್ತದೆ. ಡಾಲರನ್ನು ರೂಪಾಯಿಗೆ ಗುಣಿಸಿ ನೋಡಿ, ಊರಿನಲ್ಲಿ ಯಾವ ಕೊರತೆಯೂ ಇಲ್ಲದೆ ಇರಬಹುದು ಎಂದು ಸ್ನೇಹಿತರು ಹೇಳುತ್ತಾರೆ. ದಿನನಿತ್ಯದ ಖರ್ಚಿನ ಮಟ್ಟಿಗೆ ಅದು ನಿಜವೇ. ನ್ಯೂ ಜೆರ್ಸಿಯಲ್ಲಿ ಮನೆಯ ಆಸ್ತಿ ತೆರಿಗೆಯೇ ಸರಾಸರಿ ವರ್ಷಕ್ಕೆ 10,000 ಡಾಲರ್ ದಾಟಿದೆ. ಸಾಲವೆಲ್ಲ ತೀರಿದ ಮನೆಗೂ ಅದನ್ನು ಕಟ್ಟುತ್ತಲೇ ಇರಬೇಕು. ಮೈಸೂರಿನಲ್ಲಿ ಅಷ್ಟು ಹಣದಲ್ಲಿ ಇಬ್ಬರ ವರ್ಷದ ಸಂಸಾರ ಸಲೀಸಾಗಿ ನಡೆಯುತ್ತದೆ. ಈ ಭಾಗದಲ್ಲಿ ನನಗೆ ಗೊಂದಲವಿಲ್ಲ. ಗೊಂದಲ ಶುರುವಾಗುವುದು ಆಸ್ಪತ್ರೆಯ ಬಾಗಿಲಲ್ಲಿ.

ಮೂರು ವರ್ಷಗಳ ಹಿಂದೆ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನಾನು ಮೈಸೂರು ತಲುಪುವ ಹೊತ್ತಿಗೆ ಶಸ್ತ್ರಚಿಕಿತ್ಸೆ ಮುಗಿದಿತ್ತು. ಅಮ್ಮನಿಗೆ 5 ಲಕ್ಷದ ಪಾಲಿಸಿ ಇತ್ತು. ಖರ್ಚೆಲ್ಲ ಅದರೊಳಗೇ ಇದ್ದುದರಿಂದ ನಾವು ನಿಶ್ಚಿಂತರಾಗಿದ್ದೆವು. ಡಿಸ್ಚಾರ್ಜ್ ದಿನ ಬೆಳಿಗ್ಗೆ 10 ಗಂಟೆಗೆ ಹೊರಡಬಹುದೆಂದು ಹೇಳಿದರು. ವಿಮೆಯ ಒಪ್ಪಿಗೆ ಬಂದಾಗ ರಾತ್ರಿ 8 ಆಗಿತ್ತು, ಅದರ ಜೊತೆ ನಾವೇ ಕಟ್ಟಬೇಕಾದ 75,000 ರೂಪಾಯಿಯ ಪಟ್ಟಿಯೂ ಬಂದಿತು. ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ವಿಮಾ ಮೊತ್ತದ ಶೇಕಡಾ 1ರ ಮಿತಿ, ಅಂದರೆ ದಿನಕ್ಕೆ 5,000 ರೂಪಾಯಿ ಎಂದಿತ್ತು. ಜೊತೆಯಲ್ಲಿ ಒಬ್ಬರು ಮಲಗಲು ಅನುಕೂಲವಾಗಲೆಂದು ನನ್ನ ತಮ್ಮ 8,000 ರೂಪಾಯಿಯ ರೂಮ್ ತೆಗೆದುಕೊಂಡಿದ್ದ. ಐದು ದಿನಕ್ಕೆ ಹೆಚ್ಚುವರಿ ಬಾಡಿಗೆ 15,000 ತಾನೇ ಎಂದು ಅವನು ಎಣಿಸಿದ್ದ. ಆದರೆ ಮಿತಿ ಮೀರಿದ ರೂಮಿಗೆ ಹೋದರೆ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಅಲ್ಲ, ಡಾಕ್ಟರ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಮುಂತಾದವನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆ. ಆ ಖರ್ಚುಗಳು 1,60,000 ಇದ್ದವು. ಎಂಟರಲ್ಲಿ ಐದು ಭಾಗ ಮಾತ್ರ ಕೊಟ್ಟು 60,000 ಹಿಡಿದರು. ಔಷಧಿ ಮತ್ತು ಇಂಪ್ಲಾಂಟಿಗೆ ಈ ಕಡಿತ ಅನ್ವಯಿಸಲಿಲ್ಲ ಎಂಬುದಷ್ಟೇ ಸಮಾಧಾನ. ಕೌಂಟರಿನಲ್ಲಿದ್ದ ಹುಡುಗ ಇದನ್ನೆಲ್ಲ ತಾಳ್ಮೆಯಿಂದಲೇ ವಿವರಿಸಿದ. ಅಡ್ಮಿಟ್ ಮಾಡುವ ದಿನ ಯಾರೂ ವಿವರಿಸಿರಲಿಲ್ಲ. ಪಾಲಿಸಿಯ ಮೊತ್ತ ಎಷ್ಟು ಎಂದು ಕೇಳುವುದಕ್ಕಿಂತ ಮೊದಲು ರೂಮ್ ಮಿತಿ ಇದೆಯೇ ಎಂದು ಕೇಳುವುದನ್ನು ನಾನು ಕಲಿತದ್ದು ಅಂದು. ಆಮೇಲೆ 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ, ಡಿಸ್ಚಾರ್ಜಿನ ಅಂತಿಮ ಒಪ್ಪಿಗೆಯನ್ನು 3 ಗಂಟೆಯೊಳಗೆ ಕೊಡಬೇಕೆಂದು ನಿಯಮ ಮಾಡಿತು. ಅಮ್ಮನ ಹತ್ತು ಗಂಟೆಯ ಕಾಯುವಿಕೆಯನ್ನು ನೆನೆದಾಗ ಆ ನಿಯಮದ ಬೆಲೆ ನನಗೆ ತಿಳಿಯುತ್ತದೆ.

ಅಮೆರಿಕದ ಕಡೆ 65ಕ್ಕೆ ಮೆಡಿಕೇರ್, ಅಂದರೆ ಸರ್ಕಾರದ ಆರೋಗ್ಯ ವಿಮೆ, ಬರುತ್ತದೆ. ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ ಪಾರ್ಟ್ ಎ, ಅಂದರೆ ಆಸ್ಪತ್ರೆಯಲ್ಲಿ ದಾಖಲಾದಾಗಿನ ಖರ್ಚಿನ ಭಾಗ, ಕಂತಿಲ್ಲದೆ ಸಿಗುತ್ತದೆ. ಆದರೂ 2026ರಲ್ಲಿ ದಾಖಲಾದ ಪ್ರತಿ ಸರದಿಗೆ ಮೊದಲ 1,736 ಡಾಲರ್ ನಮ್ಮದೇ. ಡಾಕ್ಟರ ಭೇಟಿ, ಪರೀಕ್ಷೆ ಇತ್ಯಾದಿಗಳ ಪಾರ್ಟ್ ಬಿ ಕಂತು ಈ ವರ್ಷ ತಿಂಗಳಿಗೆ ತಲಾ 202.90 ಡಾಲರ್. ಇಬ್ಬರಿಗೆ ವರ್ಷಕ್ಕೆ 4,870 ಡಾಲರ್ ಹತ್ತಿರವಾಗುತ್ತದೆ. ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ 4 ಲಕ್ಷ ಮೀರುತ್ತದೆ. ಇಷ್ಟು ಕಟ್ಟಿದ ಮೇಲೂ ಶೇಕಡಾ 20 ನಮ್ಮ ಪಾಲು, ಅದಕ್ಕೆ ಮೇಲ್ಮಿತಿಯೇ ಇಲ್ಲ; ಅದನ್ನು ತುಂಬಲು ಮೆಡಿಗ್ಯಾಪ್ ಎಂಬ ಇನ್ನೊಂದು ಖಾಸಗಿ ಪಾಲಿಸಿ ಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಮೆಡಿಕೇರ್ ಸಾಮಾನ್ಯವಾಗಿ ಅಮೆರಿಕದ ಹೊರಗಿನ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಮೈಸೂರಿನಲ್ಲಿ ಎದೆನೋವು ಬಂದರೆ ಅದು ಇದ್ದೂ ಇಲ್ಲದ ಹಾಗೆ.

ಹಾಗಾದರೆ ಊರಿಗೆ ಹೋಗುವವರು ಪಾರ್ಟ್ ಬಿ ಕಟ್ಟುವುದೇಕೆ? ಕಟ್ಟದೆ ಬಿಟ್ಟು ಮುಂದೆ ಹಿಂತಿರುಗಿದರೆ, ತಡವಾದ ಪ್ರತಿ ಪೂರ್ಣ ವರ್ಷಕ್ಕೆ ಶೇಕಡಾ 10ರಂತೆ ಹೆಚ್ಚುವರಿ ದಂಡವನ್ನು ಜೀವನಪರ್ಯಂತ ತೆರಬೇಕು ಎಂದು ಎಲ್ಲರೂ ಹೆದರಿಸುತ್ತಾರೆ. ಒಂದು ಭಾನುವಾರ ಕುಳಿತು ನಾನೇ ಲೆಕ್ಕ ಹಾಕಿದೆ. ಐದು ವರ್ಷ ಬಿಟ್ಟರೆ ಉಳಿಯುವುದು ಒಬ್ಬರಿಗೆ 12,174 ಡಾಲರ್. ದಂಡ ಈಗಿನ ದರದಲ್ಲಿ ತಿಂಗಳಿಗೆ ಸುಮಾರು 101 ಡಾಲರ್. ಉಳಿಸಿದ ಹಣ ದಂಡದಲ್ಲಿ ಕರಗಲು ಹತ್ತು ವರ್ಷ ಬೇಕು! ಆದ್ದರಿಂದ ನಿಜವಾದ ಭಯ ದಂಡದ್ದಲ್ಲ, ಸಮಯದ್ದು. ತಡವಾಗಿ ಬಂದವರು ಜನವರಿಯಿಂದ ಮಾರ್ಚಿನೊಳಗೆ ಮಾತ್ರ ಸೇರಬಹುದು. ಏಪ್ರಿಲ್‌ನಲ್ಲಿ ಕಾಯಿಲೆ ಕಾಣಿಸಿಕೊಂಡು ಚಿಕಿತ್ಸೆಗೆಂದು ಮಗಳಿರುವ ಸಿಯಾಟಲ್‌ಗೆ ಬಂದರೆ, ಮುಂದಿನ ಜನವರಿ ಮುಗಿಯುವವರೆಗೆ ಪಾರ್ಟ್ ಬಿ ಇಲ್ಲದೆ ಕಳೆಯಬೇಕು. ಇನ್ನೊಂದು ಸೂಕ್ಷ್ಮವೂ ಇದೆ: ಆರೋಗ್ಯ ತಪಾಸಣೆಯಿಲ್ಲದೆ ಮೆಡಿಗ್ಯಾಪ್ ಕೊಳ್ಳುವ ಆರು ತಿಂಗಳ ಅವಕಾಶವು 65 ಆದವರಿಗೆ ಪಾರ್ಟ್ ಬಿ ಶುರುವಾದ ದಿನದಿಂದ ಎಣಿಕೆಯಾಗುತ್ತದೆ. ಪಾರ್ಟ್ ಬಿ ತೆಗೆದುಕೊಂಡು ಮೈಸೂರಿನಲ್ಲಿ ಕುಳಿತರೆ ಆ ಅವಕಾಶ ಸದ್ದಿಲ್ಲದೆ ಮುಗಿದುಹೋಗುತ್ತದೆ.

ಇತ್ತ ಭಾರತದಲ್ಲಿ ಕೆಲವು ವರ್ಷಗಳಿಂದ ಹಿರಿಯರಿಗೆ ನಿಜವಾದ ಅನುಕೂಲಗಳಾಗಿವೆ. 2024ರ ಏಪ್ರಿಲ್‌ನಿಂದ 65 ದಾಟಿದವರಿಗೂ ಹೊಸ ಪಾಲಿಸಿಯ ಬಾಗಿಲು ತೆರೆಯಿತು. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ಗರಿಷ್ಠ 4 ವರ್ಷವಿದ್ದದ್ದು 3ಕ್ಕೆ ಇಳಿಯಿತು. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ಪ್ರಾಧಿಕಾರವನ್ನು ಕೇಳದೆ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬಾರದೆಂದು 2025ರ ಜನವರಿಯಲ್ಲಿ ಆದೇಶವಾಯಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿಎಸ್‌ಟಿ ಹೋಯಿತು. ನಮ್ಮಿಬ್ಬರಿಗೆ ರೂಮ್ ಮಿತಿಯಿಲ್ಲದ 25 ಲಕ್ಷದ ಪಾಲಿಸಿಗೆ ತಮ್ಮ ವಿಚಾರಿಸಿದಾಗ ವರ್ಷಕ್ಕೆ ಸುಮಾರು 95,000 ರೂಪಾಯಿ ಎಂದರು. ಪಾರ್ಟ್ ಬಿ ಕಂತಿನ ಕಾಲು ಭಾಗವೂ ಅಲ್ಲ.

ಆದರೆ ಯಜಮಾನರಿಗೆ 2014ರಿಂದ ಸಕ್ಕರೆ ಕಾಯಿಲೆಯಿದೆ. ಊರಿಗೆ ಹೋದ ಮೇಲೆ ಪಾಲಿಸಿ ಕೊಂಡರೆ, ಅದಕ್ಕೆ ಸಂಬಂಧಿಸಿದ ಚಿಕಿತ್ಸೆಗೆ ಮೂರು ವರ್ಷದವರೆಗೂ ನಾವೇ ಹಣ ಹೊಂದಿಸಬೇಕಾಗಬಹುದು. ಮಂಡಿ ಬದಲಾವಣೆ, ಕಣ್ಣಿನ ಪೊರೆಯಂಥ ಚಿಕಿತ್ಸೆಗಳಿಗೂ ಪಾಲಿಸಿಗಳಲ್ಲಿ ಬೇರೆಯೇ ಕಾಯುವ ಅವಧಿ ಇರುತ್ತದೆ. ಬಹಳ ಜನ ಅನಿವಾಸಿಗಳು ಎಡವುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ಕಾಯುವ ಅವಧಿ ನಾವು ಎಲ್ಲಿದ್ದೇವೆಂದು ನೋಡುವುದಿಲ್ಲ; ಕಂತು ಕಟ್ಟುತ್ತಿದ್ದರೆ ಸಾಕು, ನಾವು ಎಡಿಸನ್ನಿನಲ್ಲಿ ಕೆಲಸ ಮಾಡುತ್ತಿರುವಾಗಲೇ ಅದು ಸವೆಯುತ್ತ ಹೋಗುತ್ತದೆ.

ವಿಮೆ ಎರಡು ಕಡೆಯೂ ಕೈಬಿಡುವ ಒಂದು ಜಾಗವಿದೆ: ಕಾಯಿಲೆಯಲ್ಲ, ಬರೀ ಮುಪ್ಪು. ಸ್ನಾನ ಮಾಡಿಸುವುದು, ಊಟ ಕೊಡುವುದು, ರಾತ್ರಿ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುವುದು, ಇವುಗಳಷ್ಟಕ್ಕೇ ಮೆಡಿಕೇರ್ ಹಣ ಕೊಡುವುದಿಲ್ಲ. ನಮ್ಮೂರಿನ ಪಾಲಿಸಿಗಳು ಆಸ್ಪತ್ರೆಯ ಖರ್ಚಿಗೆಂದೇ ಇರುವಂಥವು. ಎಡಿಸನ್ನಿನಲ್ಲಿ ಪಕ್ಕದ ಮನೆಯ ಹಿರಿಯರಿಗೆ ಬರುತ್ತಿದ್ದ ಸಹಾಯಕಿಗೆ ಗಂಟೆಗೆ 34 ಡಾಲರ್. ದಿನಕ್ಕೆ 12 ಗಂಟೆಯಾದರೆ ತಿಂಗಳಿಗೆ 12,000 ಡಾಲರ್ ದಾಟುತ್ತದೆ; ಅವರ ಮಕ್ಕಳು ಕೊನೆಗೆ ಮನೆ ಮಾರಿದರು. ಅಮ್ಮನ ಜೊತೆ ಹಗಲು ರಾತ್ರಿ ಇರುವ ಹೋಮ್ ನರ್ಸ್‌ಗೆ ಏಜೆನ್ಸಿಗೆ ಕಟ್ಟುವುದು ತಿಂಗಳಿಗೆ 26,000 ರೂಪಾಯಿ, ಊಟ ನಮ್ಮ ಮನೆಯದೇ. ಎಚ್.ಡಿ. ಕೋಟೆ ಕಡೆಯ ಆ ಹುಡುಗಿ ಅಮ್ಮನಿಗೆ ದಿನಾ ಸಂಜೆ ತಲೆ ಬಾಚಿ ಮಲ್ಲಿಗೆ ಮುಡಿಸುತ್ತಾಳೆ. ಆ ಸಂಬಳದಲ್ಲಿ ಅವಳ ಕೈಗೆ ಎಷ್ಟು ಸೇರುತ್ತದೆ ಎಂದು ಕೇಳಿ ತಿಳಿದ ಮೇಲೆ ನಾವು ಪ್ರತಿ ತಿಂಗಳು ಬೇರೆಯಾಗಿ ಸ್ವಲ್ಪ ಕೊಡುತ್ತೇವೆ. ನಿವೃತ್ತಿ ಜೀವನದ ಅತಿ ದೊಡ್ಡ ಖರ್ಚಿನ ವ್ಯತ್ಯಾಸ ಇರುವುದು ಇಲ್ಲಿ, ತರಕಾರಿಯಲ್ಲೂ ಅಲ್ಲ, ಶಸ್ತ್ರಚಿಕಿತ್ಸೆಯಲ್ಲೂ ಅಲ್ಲ.

ಆದಾಯದ ಕಡೆ ಚಿಂತೆ ಕಡಿಮೆ. ನಾವಿಬ್ಬರೂ ಅಮೆರಿಕದ ಪೌರರಾದ್ದರಿಂದ ಸೋಶಿಯಲ್ ಸೆಕ್ಯುರಿಟಿ, ಅಂದರೆ ಅಲ್ಲಿನ ಸರ್ಕಾರದ ಪಿಂಚಣಿ ಹಣ, ಮೈಸೂರಿನಲ್ಲಿದ್ದರೂ ಬರುತ್ತದೆ. ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಅದರ ಮೇಲೆ ತೆರಿಗೆ ಹಾಕುವ ಹಕ್ಕು ಅಮೆರಿಕದ್ದು ಮಾತ್ರ. ಗ್ರೀನ್ ಕಾರ್ಡಿನಲ್ಲಿರುವವರು ಮಾತ್ರ ಹೊರಡುವ ಮೊದಲು ಈ ವಿಷಯವನ್ನು ತಮ್ಮ ಮಟ್ಟಿಗೆ ಬೇರೆಯಾಗಿಯೇ ವಿಚಾರಿಸಿಕೊಳ್ಳಬೇಕು.

ಕೊನೆಗೆ ನಾವು ನಿಶ್ಚಯಿಸಿದ್ದು ಹೀಗೆ. ನಾನು ಇನ್ನು ಮೂರು ವರ್ಷ ಕೆಲಸ ಮಾಡುತ್ತೇನೆ. ಅಲ್ಲಿಯವರೆಗೆ ನನ್ನ ಕಂಪನಿಯ ವಿಮೆಯಲ್ಲಿ ಯಜಮಾನರೂ ಇರುವುದರಿಂದ ಪಾರ್ಟ್ ಬಿ ತಡವಾದರೂ ದಂಡವಿಲ್ಲ, ಕೆಲಸ ಬಿಟ್ಟ ಮೇಲೆ ಸೇರಲು ಎಂಟು ತಿಂಗಳ ಕಾಲಾವಕಾಶವೂ ಸಿಗುತ್ತದೆ. ಭಾರತದ ಪಾಲಿಸಿಯನ್ನು ಈ ಡಿಸೆಂಬರಿನಲ್ಲಿ ಊರಿಗೆ ಹೋದಾಗಲೇ ಕೊಳ್ಳುತ್ತೇವೆ. ನಾನು ನಿವೃತ್ತಳಾಗುವ ಹೊತ್ತಿಗೆ ಅದರ 36 ತಿಂಗಳು ಮುಗಿಯುತ್ತ ಬಂದಿರುತ್ತವೆ. ಊರಿಗೆ ಹೋದ ಮೇಲೂ ಪಾರ್ಟ್ ಬಿ ಕಟ್ಟುತ್ತಿರಬೇಕೇ ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಒಮ್ಮತವಿಲ್ಲ. ಮೊದಲ ಎರಡು ವರ್ಷವಾದರೂ ಕಟ್ಟೋಣ, ಮನಸ್ಸು ಬದಲಾದರೆ ಹಿಂತಿರುಗಲು ದಾರಿಯಿರಲಿ ಎಂದು ನಾನು. ಹೋಗುವುದಾದರೆ ಪೂರ್ತಿಯಾಗಿ ಹೋಗೋಣ ಎಂದು ಅವರು.

ತಮ್ಮ ಪ್ರಪೋಸಲ್ ಫಾರಂ ಕಳಿಸಿದ್ದಾನೆ. ಸಕ್ಕರೆ ಕಾಯಿಲೆಯ ಕಾಲಂ ಖಾಲಿ ಬಿಟ್ಟರೆ ಕಂತು ಕಡಿಮೆಯಾಗುತ್ತದೆಂದು ಏಜೆಂಟ್ ಸೂಚಿಸಿದನಂತೆ. ನಿನ್ನೆ ರಾತ್ರಿ ಯಜಮಾನರು ಕನ್ನಡಕ ಹಾಕಿಕೊಂಡು ಅದೇ ಕಾಲಂ ಅನ್ನು ಎಲ್ಲಕ್ಕಿಂತ ಮೊದಲು ತುಂಬಿದರು: 2014, ದಿನಕ್ಕೆ ಎರಡು ಮಾತ್ರೆ, ಕಳೆದ ಮೂರು ತಿಂಗಳ ಸರಾಸರಿ 6.9.