ಝೂ ಕಟ್ಟೋಕೆ ದುಡ್ಡು ಸಿಗತ್ತೆ, ನಡೆಸೋಕೆ?

ಜನರೇ ಸೇರಿ ಒಂದು ಸಣ್ಣ ಝೂ ಮಾಡೋಣ ಅಂತ ಹೊರಟವ್ರೆಲ್ಲ ಮೊದ್ಲು ಹೆದರೋದು ದುಡ್ಡು ಎಲ್ಲಿಂದ ತರೋದು ಅಂತ, ಆದ್ರೆ ಇಂಥದ್ದೇ ಒಂದು ಝೂನ ಕಮಿಟಿಯಲ್ಲಿ ಕೂತು ಲೆಕ್ಕ ನೋಡೋ ನನ್ನ ಅನುಭವದಲ್ಲಿ ಶುರುವಿನ ದುಡ್ಡು ಹೇಗೋ ಬಂದುಬಿಡತ್ತೆ. ಚಿರತೆಗೆ ಮನೆ ಕಟ್ಟಿಸ್ತೀವಿ, ಗೋಡೆ ಮೇಲೆ ನಿಮ್ಮ ಹೆಸರು ಕೆತ್ತಿಸ್ತೀವಿ ಅಂದ್ರೆ ದಾನಿಗಳು ಸಿಕ್ಕೇ ಸಿಕ್ತಾರೆ, ಉದ್ಘಾಟನೆ ಆಗತ್ತೆ, ಫೋಟೋನೂ ಬರತ್ತೆ. ಮೂರು ವರ್ಷ ಆದ್ಮೇಲೆ ಅದೇ ಮನೆಯ ಮೋರಿ ಕಟ್ಟಿಕೊಂಡ್ರೆ ಯಾರು ಕೊಡ್ತಾರೆ? ಮೋರಿಗೆ ಹೆಸರು ಹಾಕಿಸ್ಕೊಂಡ ದಾನೀನ ನಾನಂತೂ ಇನ್ನೂ ನೋಡಿಲ್ಲ.

ಬಜೆಟ್‌ನಲ್ಲಿ ದೊಡ್ಡ ಪಾಲು ಸಂಬಳ, ಅದು ಹೊರಗಿನವರಿಗೆ ಗೊತ್ತೇ ಆಗಲ್ಲ, ಎಲ್ರೂ ಮಾಂಸದ ಖರ್ಚು ಎಷ್ಟು ಅಂತಾನೇ ಕೇಳ್ತಾರೆ. ಕೀಪರ್‌ಗಳಿಗೆ ಹಬ್ಬದ ದಿನವೂ ಡ್ಯೂಟಿ ಇರತ್ತೆ, ಅಪಾಯದ ಪ್ರಾಣಿ ಇರೋ ಕಡೆ ಒಬ್ರನ್ನೇ ಬಿಡೋ ಹಾಗಿಲ್ಲ, ರಜೆ, ಹುಷಾರಿಲ್ಲದ ದಿನ ಎಲ್ಲಾ ಸೇರಿಸಿದ್ರೆ ಇಬ್ರು ಮಾಡೋ ಕೆಲಸಕ್ಕೆ ಇಬ್ರು ಸಾಲಲ್ಲ. ವಾಲಂಟಿಯರ್ಸ್ ಇದಾರಲ್ಲ ಅಂತೀರಾ, ಇದಾರೆ, ತರಕಾರಿ ಹೆಚ್ಚೋಕೆ, ಗಿಡ ನೋಡ್ಕೊಳೋಕೆ, ಟಿಕೆಟ್ ಕೌಂಟರ್‌ಗೆ ಅವರಿಲ್ಲದೆ ಆಗೋದೇ ಇಲ್ಲ, ಆದ್ರೆ ಹುಲಿ ಮನೆಯ ಬೀಗದ ಕೈ ಅವ್ರ ಕೈಗೆ ಕೊಡೋಕಾಗಲ್ಲ.

ಇನ್ನೊಂದು ತಾಪತ್ರಯ ಏನಂದ್ರೆ ಆದಾಯ ಇಳಿದ ಹಾಗೆ ಖರ್ಚು ಇಳಿಯಲ್ಲ. ಮಳೆ ಹಿಡ್ಕೊಂಡ ಶನಿವಾರ ಭಾನುವಾರ ಗೇಟಲ್ಲಿ ನರಪಿಳ್ಳೆ ಇರಲ್ಲ, ಒಳಗಡೆ ಹೊಟ್ಟೆಗಳು ಅಷ್ಟೇ ಇರ್ತವೆ. 2020ರಲ್ಲಿ ಎಲ್ಲಾ ಬಂದ್ ಆದಾಗ ಜರ್ಮನಿಯ ನ್ಯೂಮುನ್‌ಸ್ಟರ್ ಝೂನವ್ರು, ದುಡ್ಡು ಪೂರ್ತಿ ಖಾಲಿಯಾದ್ರೆ ಯಾವ ಪ್ರಾಣೀನ ಮೊದ್ಲು ಕೊಂದು ಬೇರೆ ಪ್ರಾಣಿಗಳಿಗೆ ಹಾಕ್ಬೇಕು ಅಂತ ಪಟ್ಟಿ ಮಾಡಿಟ್ಟಿದೀವಿ ಅಂತ ಬಹಿರಂಗವಾಗೇ ಹೇಳಿದ್ರು, ಪಟ್ಟಿಯಲ್ಲಿ ಕೊನೆಯ ಹೆಸರು ವಿಟಸ್ ಅನ್ನೋ ಹಿಮಕರಡಿಯದ್ದು. ಜನ ಅವರನ್ನ ಬೈದ್ರು. ನನಗೆ ಮಾತ್ರ ಅವರು ಪ್ರಾಮಾಣಿಕರು ಅನ್ನಿಸ್ತು, ಅಂಥ ಪಟ್ಟಿ ಬರೆಯೋ ಸ್ಥಿತಿಗೆ ಯಾರು ಬೇಕಾದ್ರೂ ಬರಬಹುದು. ಲಂಡನ್ ಝೂ 1828ರಿಂದ ನಡೀತಿರೋದು, ಅದೂ 1991ರಲ್ಲಿ ಮುಚ್ಚೋ ಹಂತಕ್ಕೆ ಬಂದು ಜನ ದುಡ್ಡು ಕೊಟ್ಟಿದ್ದರಿಂದ ಉಳ್ಕೊಂಡಿತು.

ಪ್ರಾಣಿಗಳ ಆಯಸ್ಸನ್ನ ಯಾರೂ ಲೆಕ್ಕಕ್ಕೇ ತಗೊಳಲ್ಲ. ಆಸ್ಟ್ರೇಲಿಯಾದ ಅಡಿಲೇಡ್ ಝೂನಲ್ಲಿ ಒಂದು ಫ್ಲೆಮಿಂಗೋ ಹಕ್ಕಿ 2014ರಲ್ಲಿ ಸತ್ತಾಗ ಅದಕ್ಕೆ ಕಡಿಮೆ ಅಂದ್ರೂ 83 ವರ್ಷ! ನಮ್ಗೆ ಸಿಗೋ ಗ್ರಾಂಟ್ ಮೂರು ವರ್ಷದ್ದು, ಕಮಿಟಿಯವರ ಉತ್ಸಾಹ ಅದಕ್ಕಿಂತ ಕಮ್ಮಿ. ಅದಕ್ಕೇ ಯಾರಾದ್ರೂ ಬಂದು ನಮ್ಮ ಗಿಳಿ ತಗೊಳಿ, ಇಗ್ವಾನಾ ತಗೊಳಿ, ಆಮೆ ಫ್ರೀ ಕೊಡ್ತೀವಿ ಅಂದಾಗ ನಾನು ಮುಖ ಗಂಟಿಕ್ಕೋದು. ಝೂಗಳ ನಡುವೆ ಪ್ರಾಣಿಗಳು ಹೆಚ್ಚಾಗಿ ಮಾರಾಟ ಆಗಲ್ಲ, ಸಾಲ ಅಥವಾ ವಿನಿಮಯದ ಲೆಕ್ಕದಲ್ಲೇ ಓಡಾಡ್ತವೆ, ಅಂದ್ರೆ ಪ್ರಾಣಿಗೆ ಬೆಲೆ ಕೊಡೋದಿರಲ್ಲ, ಆದ್ರೆ ಸಾಗಿಸೋ ಪೆಟ್ಟಿಗೆ, ಲಾರಿ, ಪರ್ಮಿಟ್, ಬಂದ್ಮೇಲೆ ಕ್ವಾರಂಟೈನ್, ರಕ್ತಪರೀಕ್ಷೆ, ಆಮೇಲೆ ಅದು ಬದುಕಿರೋವರೆಗೂ ಊಟ. ಕೆನಡಾದ ಕ್ಯಾಲ್ಗರಿ ಝೂ 2020ರಲ್ಲಿ ಎರಡು ಪಾಂಡಾಗಳನ್ನ ಅವಧಿಗೆ ಮುಂಚೆನೇ ಚೀನಾಗೆ ವಾಪಸ್ ಕಳಿಸ್ತು, ಕಾರಣ ವಿಮಾನಗಳು ಕಮ್ಮಿಯಾಗಿ ತಾಜಾ ಬಿದಿರು ಸರಿಯಾಗಿ ಬರ್ತಿರ್ಲಿಲ್ಲ. ದೊಡ್ಡ ಝೂಗೇ ಹಾಗಾದ್ರೆ ಸಣ್ಣೋರು ಆನೆ ಆಸೆ ಬಿಡೋದೇ ಒಳ್ಳೇದು.

ದಾನ ಬಂದ ಹಣ್ಣು ಕೂಡ ಪುಕ್ಕಟೆ ಅಲ್ಲ. ಅಂಗಡಿಯವ್ರು ಉಳಿದ ಬಾಳೆಹಣ್ಣು ಕೊಡ್ತಾರೆ, ಒಳ್ಳೇ ಮನಸ್ಸಿಂದಾನೇ ಕೊಡ್ತಾರೆ, ಆದ್ರೆ ನಾವು ಬೆಳೆಯೋ ಹಣ್ಣುಗಳಲ್ಲಿ ಕಾಡುಹಣ್ಣಿಗಿಂತ ಸಕ್ಕರೆ ಜಾಸ್ತಿ, ನಾರು ಕಮ್ಮಿ, ಇಂಗ್ಲೆಂಡಿನ ಪೇಯ್ನ್‌ಟನ್ ಝೂನವ್ರು ಇದೇ ಕಾರಣಕ್ಕೆ ಕೋತಿಗಳಿಗೆ ಬಾಳೆಹಣ್ಣು ನಿಲ್ಲಿಸಿ ಸೊಪ್ಪು ತರಕಾರಿ ಜಾಸ್ತಿ ಮಾಡಿದ್ರು. ಮೀನು ತಿನ್ನೋ ಪ್ರಾಣಿಗಳದ್ದು ಇನ್ನೊಂದು ಕಥೆ, ಫ್ರೀಜ್ ಮಾಡಿ ಕರಗಿಸಿದ ಮೀನಲ್ಲಿ ಬಿ1 ವಿಟಮಿನ್ ಹಾಳಾಗತ್ತೆ, ಹಾಗಾಗಿ ಮೀನಿನ ಜೊತೆ ಮಾತ್ರೆ ಖರ್ಚೂ ಬರ್ಕೋಬೇಕು.

ಹಾಗಾದ್ರೆ ದುಡ್ಡು ಎಲ್ಲಿಂದ? ಮೆಂಬರ್‌ಶಿಪ್ ನನಗೆ ಇಷ್ಟ, ಯಾಕಂದ್ರೆ ಸೀಸನ್‌ಗೆ ಮುಂಚೆನೇ ಕೈಗೆ ಬರತ್ತೆ. ಪ್ರಾಣಿ ದತ್ತು ಸ್ಕೀಮೂ, ಅಂದ್ರೆ ಒಂದು ಪ್ರಾಣಿಯ ಹೆಸರಲ್ಲಿ ಜನ ಅದರ ಖರ್ಚಿಗೆ ದುಡ್ಡು ಕೊಡೋದು, ಒಳ್ಳೇದೇ, ಆದ್ರೆ ಒಂದು ಕಿವಿಮಾತು, ಫಾರಂನಲ್ಲೇ ಈ ಹಣ ಎಲ್ಲಾ ಪ್ರಾಣಿಗಳ ಖರ್ಚಿಗೆ ಬಳಕೆ ಆಗತ್ತೆ ಅಂತ ಬರೀರಿ. ಇಲ್ಲಾಂದ್ರೆ ಸಿಂಹದ ಖಾತೆಯಲ್ಲಿ ದುಡ್ಡು ತುಂಬಿ ತುಳುಕ್ತಿರತ್ತೆ, ಪಕ್ಕದ ಮುಳ್ಳುಹಂದಿಗೆ ಆಡಿಟರ್ ಒಂದು ರೂಪಾಯಿ ಮುಟ್ಟೋಕೆ ಬಿಡಲ್ಲ. ಆಮೇಲೆ ತಮಾಷೆಯ ದಾರಿಗಳೂ ಇವೆ. ಅಮೆರಿಕದ ಸ್ಯಾನ್ ಆಂಟೋನಿಯೋ ಝೂ ವ್ಯಾಲೆಂಟೈನ್ಸ್ ಡೇಗೆ, ಬಿಟ್ಟುಹೋದ ಪ್ರೇಮಿಯ ಹೆಸರನ್ನ ಜಿರಳೆಗೆ ಇಡೋಕೆ ದುಡ್ಡು ತಗೊಂಡು ಆ ಜಿರಳೇನ ಪ್ರಾಣಿಗಳಿಗೆ ತಿನ್ನಿಸತ್ತೆ, ಇದು ಹೊಳೆದವರಿಗೆ ಒಂದು ಸಲಾಂ. ಸಿಯಾಟಲ್‌ನ ವುಡ್‌ಲ್ಯಾಂಡ್ ಪಾರ್ಕ್ ಝೂ ಸಗಣಿ ಲದ್ದಿನ ಕಾಂಪೋಸ್ಟ್ ಮಾಡಿ ಮಾರಿ ಹೆಸರು ಮಾಡಿದೆ. ಇದ್ರಿಂದ ಝೂ ನಡೆಯಲ್ಲ, ಆದ್ರೆ ಸುದ್ದಿ ಆಗತ್ತೆ, ಜನ ಬರ್ತಾರೆ.

ನಿಜವಾಗ್ಲೂ ಜನರ ಝೂ ಅಂದ್ರೆ ನನಗೆ ನೆನಪಾಗೋದು ಅಮೆರಿಕದ ಸೇಂಟ್ ಲೂಯಿಸ್. 1916ರಲ್ಲೇ ಅಲ್ಲಿನ ಜನ ವೋಟ್ ಹಾಕಿ ತಮ್ಮ ಮೇಲೆ ತಾವೇ ಝೂಗೋಸ್ಕರ ತೆರಿಗೆ ಹಾಕ್ಕೊಂಡ್ರು, ಇವತ್ತಿಗೂ ಒಳಗೆ ಹೋಗೋಕೆ ಟಿಕೆಟ್ ಇಲ್ಲ. ಇದಕ್ಕೆ ಪೂರ್ತಿ ವಿರುದ್ಧ ಇಂಗ್ಲೆಂಡಿನ ಚೆಸ್ಟರ್, 1931ರಲ್ಲಿ ಜಾರ್ಜ್ ಮಾಟರ್ಸ್‌ಹೆಡ್ ಶುರು ಮಾಡಿದ್ದು, ಅಕ್ಕಪಕ್ಕದವರ ವಿರೋಧ ಬೇರೆ, ಅವರಪ್ಪ ತೋಟ ನೋಡ್ಕೊಂಡ್ರು, ಅಮ್ಮ ಕ್ಯಾಂಟೀನ್ ನೋಡ್ಕೊಂಡ್ರು, 1934ರಲ್ಲಿ ಅದು ಸೊಸೈಟಿ ಆಯ್ತು. ಎರಡರಲ್ಲಿ ಆರಿಸು ಅಂದ್ರೆ ನಾನು ತೆರಿಗೆ ದಾರೀನೇ ಆರಿಸ್ತೀನಿ, ಒಂದು ಮನೆಯವರೆಲ್ಲ ಹಾಗೆ ಜೀವ ತೇಯ್ತಾರೆ ಅಂತ ನಂಬ್ಕೊಂಡು ಬೇರೆಯವರು ಪ್ಲಾನ್ ಮಾಡೋಕಾಗಲ್ಲ.

ನಮ್ಮ ಕಮಿಟಿಯಲ್ಲಿ ನಾನು ಹಟ ಹಿಡಿದಿರೋದು ಎರಡಕ್ಕೆ. ಆರು ತಿಂಗಳ ಸಂಬಳ ಮತ್ತು ಆಹಾರದ ದುಡ್ಡು ಬೇರೆ ಖಾತೆಯಲ್ಲಿ ಇರ್ಬೇಕು, ಅದನ್ನ ಕಟ್ಟಡಕ್ಕೆ ಮುಟ್ಟಬಾರದು. ಇನ್ನೊಂದು, ಝೂ ಮುಚ್ಚಬೇಕಾಗಿ ಬಂದ್ರೆ ಯಾವ ಪ್ರಾಣಿ ಎಲ್ಲಿಗೆ ಹೋಗತ್ತೆ ಅಂತ ಬರೆದಿಟ್ಟಿರಬೇಕು, ತಗೊಳೋರ ಒಪ್ಪಿಗೆ ಪತ್ರದ ಸಮೇತ. ಅಪಶಕುನ ನುಡೀಬೇಡಿ ಅಂತ ಎರಡನೇದಕ್ಕೆ ಬೈಸ್ಕೊಂಡಿದೀನಿ, ಆದ್ರೂ ಪತ್ರ ಬರೆಯೋದು ನಡೀತಾನೇ ಇದೆ. ಲೀಮರ್‌ಗಳಿಗೆ ಒಪ್ಪಿಗೆ ಬಂದಾಯ್ತು, ಆಮೆಗಳಿಗೆ ಇನ್ನೂ ಯಾರೂ ಹೂಂ ಅಂದಿಲ್ಲ.