ತಳ್ಳಿದ್ರಾ, ಎಳೆದ್ರಾ, ಹೊಡೆದ್ರಾ?

ಮಂಗಳವಾರ ಮಧ್ಯಾಹ್ನ ಮೆಸೇಜ್ ಬಂತು. ಅಮ್ಮನ ಕಳುವಾದ ಫೋನಿನ ಇನ್ಶೂರೆನ್ಸ್ ಕ್ಲೇಮ್ ರಿಜೆಕ್ಟ್ ಆಗಿದೆ. ಪಾಲಿಸಿಯಲ್ಲಿ ಹೇಳಿರುವ ಕಳವಿನ ಅರ್ಥಕ್ಕೆ ಇದು ಹೊಂದುವುದಿಲ್ಲವಂತೆ. ಅವತ್ತಿನಿಂದ, ಕಂಪನಿಯವರು ಫೋನಿನಲ್ಲಿ ಅಮ್ಮನಿಗೆ ಕೇಳಿದ ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ.

ಮೂರು ವಾರದ ಹಿಂದೆ ಅಮ್ಮ ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಹುಣಸೂರು ಬಸ್ ಹತ್ತಿದ್ದರು. ಭಾನುವಾರ, ಮೇಲೆ ಮದುವೆ ಮುಹೂರ್ತ ಬೇರೆ. ಬಾಗಿಲಲ್ಲಿ ಉಸಿರಾಡಲೂ ಜಾಗ ಇರಲಿಲ್ಲವಂತೆ. ಸೀಟು ಸಿಕ್ಕಿ, ಕಂಡಕ್ಟರಿಗೆ ಆಧಾರ್ ತೋರಿಸೋಣ ಅಂತ ಬ್ಯಾಗಿಗೆ ಕೈ ಹಾಕಿದರೆ ಬೆರಳು ಬ್ಯಾಗಿನ ಕೆಳಗಿಂದ ಆಚೆ ಬಂತು. ನಾಲ್ಕು ಬೆರಳಗಲ ಸೀಳು. ಪರ್ಸ್ ಇತ್ತು, ಆಧಾರ್ ಇತ್ತು, ಫೋನ್ ಇರಲಿಲ್ಲ.

ಅದು ಅಮ್ಮ ಚೀಟಿ ದುಡ್ಡಲ್ಲಿ ತಗೊಂಡ ಫೋನು. ಹದಿನಾರೂವರೆ ಸಾವಿರ. ಇನ್ಶೂರೆನ್ಸಿಗೆ ಅಂತ ಬೇರೆ ಸಾವಿರದ ಮುನ್ನೂರು ಕೊಟ್ಟಿದ್ದರು. ಅಂಗಡಿಯ ಹುಡುಗ "ಬಿದ್ರೂ, ಒಡೆದ್ರೂ, ಕಳ್ತನ ಆದ್ರೂ ಎಲ್ಲಾ ಕವರ್ ಆಗುತ್ತೆ ಆಂಟಿ" ಅಂದಿದ್ದ. ನಾನೂ ಪಕ್ಕದಲ್ಲೇ ಇದ್ದೆ. ಒಟಿಪಿ ಕೇಳಿದ, ಹೇಳಿದೆವು. ಪಾಲಿಸಿ ಲಿಂಕ್ ಅದೇ ಫೋನಿಗೆ ಬಂತು. ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ತಿಂಗಳಿಗೆ ಇಷ್ಟು ಮಾರಬೇಕು ಅಂತ ಅವನ ತಲೆ ಮೇಲೂ ಯಾರೋ ಕೂತಿರುತ್ತಾರೆ. ಅವನಿಗೂ ಆ ಪಾಲಿಸಿಯನ್ನು ಯಾರೂ ಓದಿ ಹೇಳಿರುವುದಿಲ್ಲ.

ಪೊಲೀಸ್ ಸ್ಟೇಷನ್ನಿನಲ್ಲಿ ಮೊದಲು ಇ-ಲಾಸ್ಟ್‌ನಲ್ಲಿ, ಅಂದರೆ ವಸ್ತು ಕಳೆದುಹೋಗಿದೆ ಅಂತ ಆನ್‌ಲೈನಲ್ಲಿ ಹಾಕಿ ಸಾಕು ಅಂದರು. ಕಂಪನಿಯವರಿಗೆ ಎಫ್‌ಐಆರ್ ಬೇಕಿತ್ತು. ಮಾರನೇ ದಿನ ಮತ್ತೆ ಹೋಗಿ ಕೂತೆವು. ರೈಟರ್ ಒಳ್ಳೆಯವರು, ಅಮ್ಮನಿಗೆ ನೀರು ಕೊಟ್ಟು, ಬ್ಯಾಗ್ ನೋಡಿ, 'ಹರಿತವಾದ ವಸ್ತುವಿನಿಂದ ಬ್ಯಾಗ್ ಕತ್ತರಿಸಿ' ಅಂತಲೇ ಬರೆದುಕೊಂಡರು. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಕೊಟ್ಟು ಫೋನ್ ಬ್ಲಾಕ್ ಮಾಡಿಸಿದೆವು. ಅಮ್ಮ ಫೋನಿನ ಡಬ್ಬಿ ಎತ್ತಿಟ್ಟಿದ್ದರಿಂದ ನಂಬರ್ ಸಿಕ್ಕಿತು.

ಆಮೇಲೆ ಬಂದಿದ್ದು ಕಂಪನಿಯ ಫೋನು. ನನ್ನ ಮೊಬೈಲಿಗೆ ಬಂತು, ಸ್ಪೀಕರ್ ಹಾಕಿ ಅಮ್ಮನಿಗೆ ಕೊಟ್ಟೆ. ಹುಡುಗಿ, ಚೆನ್ನಾಗಿ ಕನ್ನಡ ಮಾತಾಡುತ್ತಿದ್ದಳು.

"ಫೋನ್ ತಗೊಂಡೋರು ನಿಮಗೆ ಬಲವಂತ ಏನಾದ್ರೂ ಮಾಡಿದ್ರಾ ಮೇಡಂ?"

"ಬಲವಂತ ಅಂದ್ರೆ?"

"ತಳ್ಳಿದ್ರಾ, ಎಳೆದ್ರಾ, ಹೊಡೆದ್ರಾ?"

"ಅಯ್ಯೋ ಇಲ್ಲಮ್ಮ. ದೇವರ ದಯ, ನನಗೆ ಏನೂ ಆಗಲಿಲ್ಲ."

"ಸರಿ ಮೇಡಂ, ನೋಟ್ ಮಾಡ್ಕೊಂಡೆ."

ಫೋನ್ ಇಟ್ಟ ಮೇಲೆ ಅಮ್ಮ ಹೇಳಿದ್ದು ಇಷ್ಟು: "ಎಷ್ಟು ಒಳ್ಳೆ ಹುಡುಗಿ. ನನಗೆ ಪೆಟ್ಟಾಯ್ತಾ ಅಂತ ಕೇಳಿದ್ಲು, ನೋಡು."

ಮಂಗಳವಾರ ರಾತ್ರಿ ಪಾಲಿಸಿ ತೆಗೆದು ಕೂತೆ. ಇಪ್ಪತ್ತೆರಡು ಪುಟ, ಅಷ್ಟೂ ಇಂಗ್ಲಿಷ್. ನಾಲ್ಕನೇ ಪುಟದಲ್ಲಿ ಕಳವು ಅಂದರೆ ಏನು ಅಂತ ಬರೆದಿದ್ದಾರೆ. ಬಲ ಉಪಯೋಗಿಸಿ ಅಥವಾ ಹೆದರಿಸಿ ಕಿತ್ತುಕೊಂಡಿರಬೇಕು, ಇಲ್ಲವೇ ಬೀಗ ಹಾಕಿದ ಜಾಗವನ್ನು ಒಡೆದು ತೆಗೆದಿರಬೇಕು. ಗೊತ್ತಿಲ್ಲದ ಹಾಗೆ ಹೋದದ್ದು ಕಳವಲ್ಲ. ಮೂರು ಸಲ ಓದಿದೆ. ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ ಕಲಂ 303(2) ಅಂತಿದೆ. ಅದು ಕಳವಿನ ಕಲಂ, ಅಲ್ಲಿ ಹೊಡೆದಿರಬೇಕು, ಎಳೆದಿರಬೇಕು ಅನ್ನುವ ಮಾತಿಲ್ಲ. ಒಪ್ಪಿಗೆ ಇಲ್ಲದೆ, ಕೆಟ್ಟ ಉದ್ದೇಶದಿಂದ ತೆಗೆದುಕೊಂಡರೆ ಸಾಕು. ಕಿತ್ತುಕೊಂಡು ಓಡುವುದಕ್ಕೆ 304 ಅಂತ ಬೇರೆಯೇ ಕಲಂ ಇದೆ. ಪೊಲೀಸರ ಕಾಗದದಲ್ಲಿ ಕಳವು, ನಮ್ಮ ಬಾಯಲ್ಲಿ ಕಳವು, ಇನ್ಶೂರೆನ್ಸಿನ ಕಾಗದದಲ್ಲಿ ಮಾತ್ರ ಅಲ್ಲ.

ಆಗ ಆ ಪ್ರಶ್ನೆ ಮತ್ತೆ ಕೇಳಿಸಿತು. ತಳ್ಳಿದ್ರಾ, ಎಳೆದ್ರಾ, ಹೊಡೆದ್ರಾ. ಅದು ನಾಲ್ಕನೇ ಪುಟದ್ದೇ ಸಾಲು. ಕನ್ನಡಕ್ಕೆ ಬಂದಾಗ ಅಮ್ಮನಿಗೆ ಕ್ಷೇಮ ವಿಚಾರಿಸಿದ ಹಾಗೆ ಕೇಳಿತು. ಕ್ಷೇಮ ಕೇಳಿದವರಿಗೆ ನಮ್ಮ ಕಡೆ ಏನು ಹೇಳುತ್ತಾರೋ ಅದನ್ನೇ ಅಮ್ಮ ಹೇಳಿದರು. ನನ್ನ ಮನಸ್ಸಿಗೆ ಚುಚ್ಚುತ್ತಿರುವುದು ಇದೇ. "ಈ ಉತ್ತರದ ಮೇಲೆ ನಿಮ್ಮ ಕ್ಲೇಮ್ ನಿಂತಿದೆ ಮೇಡಂ, ಯೋಚಿಸಿ ಹೇಳಿ" ಅಂತ ಒಂದು ಮಾತು ಹೇಳಿದ್ದರೆ ಅಮ್ಮ ಬ್ಯಾಗ್ ಕೊಯ್ದದ್ದನ್ನೂ ಹೇಳುತ್ತಿದ್ದರು. ಬ್ಯಾಗಿನ ಬಗ್ಗೆ ಆ ಹುಡುಗಿ ಕೇಳಲೇ ಇಲ್ಲ.

ಮಾವ ಬುಧವಾರ ಬಂದವರು "ಕೈ ಹಿಡಿದು ಎಳೆದ್ರು ಅಂತ ಹೇಳಬಾರದಿತ್ತಾ ಅಕ್ಕ, ಯಾರು ನೋಡೋಕೆ ಬರ್ತಾರೆ" ಅಂದರು. ಮಾವ ಕೆಟ್ಟವರಲ್ಲ, ಆದರೆ ಎಲ್ಲದಕ್ಕೂ ಒಂದು ಅಡ್ಡದಾರಿ ಇಟ್ಟುಕೊಂಡಿರುತ್ತಾರೆ. ಅಮ್ಮ "ಆಗದೇ ಇರೋದನ್ನ ಹೇಗೆ ಹೇಳ್ಲಿ" ಅಂದು ಎದ್ದು ಒಳಗೆ ಹೋದರು. ಇದ್ದದ್ದು ಇದ್ದ ಹಾಗೆ ಹೇಳಿದವರಿಗೆ ದುಡ್ಡಿಲ್ಲ, ಕಟ್ಟಿ ಹೇಳಿದವರಿಗೆ ಸಿಗುತ್ತದೆ ಅನ್ನುವ ಹಾಗೆ ಒಂದು ಕಾಗದವನ್ನು ಬರೆದಿಟ್ಟರೆ, ಜನ ಏನು ಕಲಿಯುತ್ತಾರೆ?

ವಕೀಲಿ ಮಾಡುವ ಗೆಳತಿಗೆ ಫೋನ್ ಮಾಡಿದೆ. ಅವಳು ಸಮಾಧಾನ ಹೇಳಲಿಲ್ಲ. 2004ರಲ್ಲೇ ಸುಪ್ರೀಂ ಕೋರ್ಟ್ ಇಂಥದ್ದೇ ಕೇಸ್ ತೀರ್ಮಾನಿಸಿತ್ತು, ವ್ಯಾಪಾರಿಯೊಬ್ಬರ ಮಾಲು ಕಳುವಾದದ್ದು. ಬಲ ಉಪಯೋಗಿಸಿರಬೇಕು ಅಂತ ಪಾಲಿಸಿಯಲ್ಲಿದ್ದರೆ ಅದೇ ಲೆಕ್ಕ ಅಂತ ತೀರ್ಪಾಯಿತು, ಕಂಪನಿ ಗೆದ್ದಿತು. ಆದರೆ ಅದೇ ತೀರ್ಪಿನಲ್ಲಿ, ಸಾಮಾನ್ಯ ಜನಕ್ಕೆ ಅರ್ಥವಾಗುವ ಹಾಗೆ ಪಾಲಿಸಿಗಳನ್ನು ತಿದ್ದಬೇಕು ಅಂತಲೂ ಹೇಳಿದ್ದಾರೆ. ಇಪ್ಪತ್ತು ವರ್ಷದ ಮೇಲಾಯಿತು. ನಾಲ್ಕನೇ ಪುಟ ಈಗಲೂ ಹಾಗೇ ಇದೆ.

ಆದರೂ ಬ್ಯಾಗ್ ಕೊಯ್ದಿದ್ದಾರಲ್ಲ, ಅದನ್ನೇ ಹಿಡಿದು ಬರಿ ಅಂದಳು. ಮೊದಲು ಕಂಪನಿಗೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದರೂ ಸರಿ ಕಾಣದಿದ್ದರೆ, ಬೆಂಗಳೂರು ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ, ಅಂದರೆ ಇನ್ಶೂರೆನ್ಸ್ ದೂರು ಕೇಳುವ ಅಧಿಕಾರಿಗೆ. ಫೀಸ್ ಇಲ್ಲ, ವಕೀಲರೂ ಬೇಡ.

ಫೋಟೋ ತೆಗೆಯೋಣ ಅಂತ ಬ್ಯಾಗ್ ಕೇಳಿದೆ. ಅಮ್ಮ ತಂದು ಕೊಟ್ಟರು. ಸೀಳು ಇರಲಿಲ್ಲ. ಹಸಿರು ದಾರದಲ್ಲಿ, ಹತ್ತಿರ ಹತ್ತಿರ ಹೊಲಿಗೆ ಹಾಕಿ ಮುಚ್ಚಿದ್ದರು. ಹರಿದ ಬ್ಯಾಗ್ ಹಿಡಿದುಕೊಂಡು ಹೇಗೆ ಓಡಾಡಲಿ ಅಂದರು. ಆ ಹೊಲಿಗೆಯ ಫೋಟೋವನ್ನೇ ತೆಗೆದು, ಎಫ್‌ಐಆರ್‌ನ ಆ ಸಾಲಿಗೆ ಗೆರೆ ಎಳೆದು, ಪತ್ರ ಬರೆದೆ. ನಿನ್ನೆ ಸ್ಪೀಡ್ ಪೋಸ್ಟ್ ಮಾಡುವ ಮುಂಚೆ ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಸಹಿ ಹಾಕಿ, ಪೆನ್ನು ವಾಪಸ್ ಕೊಡುತ್ತಾ ಕೇಳಿದರು:

"ಇದರಿಂದ ಆ ಹುಡುಗಿ ಕೆಲಸಕ್ಕೇನೂ ತೊಂದರೆ ಆಗಲ್ಲ ತಾನೇ?"